ಕೆಂಪು ಬಟ್ಟೆ ಕಟ್ಟಿದ ಯಂತ್ರ

ಹಳೆಯ ನಾರಿನ ಯಂತ್ರಕ್ಕೆ ತಾನು ಕಟ್ಟಿಸಿದ್ದ ಕೆಂಪು ಬಟ್ಟೆಯ ಮೇಲೆ ಕುಂಕುಮ, ಕನಕಾಂಬರದ ದಂಡೆ ಕಂಡದ್ದೇ ತಡ, ಮ್ಯಾನೇಜರ್ ನವೀನ್‌ಕುಮಾರನಿಗೆ ಮೈಯೆಲ್ಲ ಉರಿದುಹೋಯಿತು. "ಯಾರು ಮಾಡಿದ್ದಿದು?"

"ನಾವೇ ಸಾ," ಅಂದಳು ನಾರು ಬಿಡಿಸುವ ಹನುಮಕ್ಕ. "ಏನೋ ಹರಕೆ ಹೊತ್ತಿದೀರ ಅನ್ಕಂಡು ಕಾಯಿನೂ ಒಡದ್ವಿ."

ಸಿರಾ ರಸ್ತೆಯ ಆ ತೆಂಗಿನ ನಾರಿನ ಕಾರ್ಖಾನೆಗೆ ಅವನು ಎರಡು ಸುಧಾರಣಾ ಪದ್ಧತಿಗಳನ್ನು ಒಟ್ಟಿಗೇ ತಂದಿದ್ದ. ಒಂದರ ಪ್ರಕಾರ ಬೇಡದ ವಸ್ತುವಿಗೆ ಕೆಂಪು ಗುರುತು ಕಟ್ಟಿ ಹೊರಗೆ ಹಾಕಬೇಕು. ಇನ್ನೊಂದರ ಪ್ರಕಾರ ಕೆಲಸದವರು ಒಪ್ಪದೆ ಏನನ್ನೂ ಕದಲಿಸುವಂತಿಲ್ಲ. ಮಧ್ಯಾಹ್ನ ನಾರಿನ ಖರೀದಿದಾರರು ಕಾರ್ಖಾನೆ ನೋಡಲು ಬರುವವರಿದ್ದರು; ಅಷ್ಟರೊಳಗೆ ಯಂತ್ರ ಹೊರಗೆ ಹೋಗಬೇಕಿತ್ತು.

"ಬೇಡದ್ದು ಅಂತ ಕಟ್ಟಿದ್ದು ಕಣಮ್ಮಾ! ಎಷ್ಟು ಸಲ ಹೇಳ್ಲಿ?"

"ಬೇಡದ್ದಕ್ಕೆ ಯಾರಾದ್ರೂ ಕೆಂಪು ಬಟ್ಟೆ ಕಟ್ತಾರಾ ಸಾ?"

ಯಂತ್ರ ಒಯ್ಯಲು ಬಂದಿದ್ದ ಗುಜರಿ ಲಾರಿಯ ಓಬಳರಾಜು ಚಪ್ಪಲಿ ಬಿಟ್ಟು ಒಳಗೆ ಬಂದ. ಯಂತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. "ಪೂಜೆ ಆಗಿರೋದ್ನ ನಾನು ಎತ್ತಾಕಿಲ್ಲ ಸಾ," ಎಂದವನೇ ಖಾಲಿ ಲಾರಿ ತಿರುಗಿಸಿಕೊಂಡು ಹೋದ.

ನವೀನ್‌ಕುಮಾರ ಬಟ್ಟೆಯನ್ನು ಕಿತ್ತೆಸೆಯಲು ಜಗ್ಗಿದ. ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಗಂಟು ಬಿಚ್ಚಲಿಲ್ಲ. ಸೋತು, ಅದೇ ಕೈಯಿಂದ ಹಣೆಯ ಬೆವರು ಒರೆಸಿಕೊಂಡ.

ಹಣೆಯಗಲ ಮೂಡಿದ ಕುಂಕುಮ ಕಂಡು ಹನುಮಕ್ಕ ಸಮಾಧಾನದಿಂದ ಮತ್ತೆ ನಾರಿಗೆ ಕೈಹಾಕಿದಳು. "ಈಗ ದಾರಿಗೆ ಬಂದ್ರಿ ನೋಡಿ ಸಾ."