ಮೂಲೆಯ ನೀಲಿ

"ಮುಟ್ಟಬೇಡಿ ಸಾರ್!"

ಪ್ರಾಧ್ಯಾಪಕಿ ಕೂಗಿದ ರಭಸಕ್ಕೆ ಕಾರ್ಖಾನೆಯ ಯಜಮಾನರು ಬೆರಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡರು.

"ಬೆರಳ ಗುರುತು ಬಿದ್ರೆ ಲೇಪನ ಹಾಳಾಗುತ್ತೆ. ಕಣ್ಣಲ್ಲೇ ನೋಡಿ."

ಮೇಜಿನ ಮೇಲೆ ಮರದ ಚೌಕಟ್ಟು, ಅದರಾಚೆ ಒಂದು ಕೈಗಡಿಯಾರ. ಕಿಟಕಿಯ ಬಿಂಬವಿರಲಿಲ್ಲ, ದೀಪದ ಹೊಳಪಿರಲಿಲ್ಲ. ಗಾಜು ಬೆಳಕನ್ನು ಪ್ರತಿಫಲಿಸದಂತೆ ಮಾಡುವ ಈ ಲೇಪನಕ್ಕಾಗಿ ಅವಳೂ ಗಂಡನೂ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಆರು ವರ್ಷ ಬೆವರು ಸುರಿಸಿದ್ದರು. ಯಜಮಾನರದು ಅಂಗಡಿಗಳಿಗೆ ಶೋಕೇಸ್ ಮಾಡಿಕೊಡುವ ಕಾರ್ಖಾನೆ. ಅವರು ಹೂಂ ಎಂದರೆ ಗಂಡಹೆಂಡಿರು ಬದುಕಿದರು; ಊಹೂಂ ಎಂದರೆ ಪ್ರಯೋಗಾಲಯಕ್ಕೆ ಬೀಗ.

"ನೀನು ಗೇಟ್ ಹತ್ರ ಹೋಗಿ ಅವರನ್ನ ಕರ್ಕೊಂಡು ಬಾ, ಇಲ್ಲೀದೆಲ್ಲ ನಾನು ನೋಡ್ಕೋತೀನಿ" ಎಂದಿದ್ದ ಗಂಡನ ಪತ್ತೆಯೇ ಇರಲಿಲ್ಲ. ದೊಡ್ಡವರೆದುರು ಮಾತಾಡುವ ಹೊತ್ತಿಗೆ ಜಾರಿಕೊಳ್ಳುವುದು ಅವನ ಹಳೆಯ ಚಾಳಿ.

ಯಜಮಾನರ ಜೊತೆಗೆ ಅವರ ಗುಣಪರೀಕ್ಷಕರು ಬಂದಿದ್ದರು. ಕಾರ್ಖಾನೆಯಲ್ಲಿ ಅವರಿಗೆ 'ಹದ್ದಿನ ಕಣ್ಣು' ಎಂದೇ ಹೆಸರು. ಅವರು ದೋಷ ಹುಡುಕದೆ ಬಿಟ್ಟ ಗಾಜು ಇನ್ನೂ ಹುಟ್ಟಿಲ್ಲವಂತೆ.

ಹದ್ದಿನ ಕಣ್ಣು ಚೌಕಟ್ಟಿನತ್ತ ಬಗ್ಗಿದರು. ಮೂಗಿನ ಮುಂದೆ ಹಾರಾಡುತ್ತಿದ್ದ ನೊಣವನ್ನು ಅಟ್ಟಿದರು. ಅದು ಹೋಗಿ ಗಡಿಯಾರದ ಮೇಲೆ ಕೂತು ಕಾಲುಜ್ಜಿಕೊಂಡಿತು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಏರಿಸಿದರು.

"ಕೆಳಗಿನ ಮೂಲೆ ನೋಡಿ. ಒಂಚೂರು ನೀಲಿ ಹೊಡೀತಿಲ್ವಾ?"

ಯಜಮಾನರು ಕಣ್ಣು ಕಿರಿದು ಮಾಡಿದರು. "ಹೌದಲ್ರೀ!"

"ಮಧ್ಯದಲ್ಲಿ ಅಲೆ ಅಲೆಯಾಗಿದೆ. ಕಣ್ಣಿದ್ದವರಿಗೆ ಕಾಣುತ್ತೆ."

ಪ್ರಾಧ್ಯಾಪಕಿ ಥಟ್ಟನೆ ಮುಂದೆ ಬಂದಳು. ಆ ನೀಲಿ ಅವಳ ಹಳೆಯ ಶತ್ರು. ಲೇಪನ ತುಸು ದಪ್ಪವಾದರೂ ಬಂದು ವಕ್ಕರಿಸುವಂಥದ್ದು. ಬಗ್ಗಿ ನೋಡಿದಳು. ಕಾಣಲಿಲ್ಲ. ಕಣ್ಣಿಲ್ಲದವಳು ಎನಿಸಿಕೊಳ್ಳಲು ಯಾರಿಗಿಷ್ಟ? ಇನ್ನೊಮ್ಮೆ ನೋಡಿದಳು. ಕಂಡಿತು, ಹಾಳಾದ್ದು.

"ಇದೆ ಸಾರ್," ಎಂದಳು. "ಸರಿಮಾಡ್ತೀವಿ. ಇನ್ನೊಂದು ತಿಂಗಳು ಕೊಡಿ."

"ಆರು ವರ್ಷದಲ್ಲಿ ಹೋಗದ್ದು ತಿಂಗಳಲ್ಲಿ ಹೋಗುತ್ತೇನಮ್ಮಾ?" ಯಜಮಾನರು ಎದ್ದರು. "ಕಷ್ಟಪಟ್ಟಿದ್ದೀರಿ, ಇಲ್ಲ ಅನ್ನಲ್ಲ. ಆದ್ರೆ ನಮಗೆ ಬೇಡ."

ಅವರ ಕಾರು ಗೇಟು ದಾಟುವುದನ್ನು ಅವಳು ಕಿಟಕಿಯಲ್ಲಿ ನಿಂತು ನೋಡಿದಳು. ಅಳು ಉಕ್ಕಿ ಬಂತು. ಗಂಡನ ಮೇಲಂತೂ ಕೆಂಡದಂಥ ಕೋಪ.

ಅಷ್ಟರಲ್ಲಿ ಬಾಗಿಲನ್ನು ಬೆನ್ನಿನಿಂದ ತಳ್ಳಿಕೊಂಡು ಅವನೇ ಒಳಗೆ ಬಂದ. ಬೆವರಿನಲ್ಲಿ ತೊಯ್ದಿದ್ದ. ಎದೆಗವಚಿಕೊಂಡಿದ್ದ ಚಪ್ಪಟೆ ಹೊರೆಗೆ ಮೆತ್ತನೆಯ ಬಟ್ಟೆ ಸುತ್ತಿತ್ತು.

"ಇನ್ನೂ ಬಂದಿಲ್ಲ ತಾನೇ ಅವರು? ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದೆ ಕಣೇ. ಸ್ವಲ್ಪ ಆ ಕಡೆ ಸರಿ, ಚೌಕಟ್ಟಿಗೆ ಗಾಜು ಕೂರಿಸ್ತೀನಿ."