ಪಿನ್ ಹೊಡೆದ ಪಾಠ

ಎಚ್‌ಐವಿ ಹರಡುವ ಬಗೆಯ ಪಾಠ ಬಂದಾಗ ವಿಜ್ಞಾನದ ಮೇಷ್ಟ್ರು ಎಲ್ಲರ ಪುಸ್ತಕದಲ್ಲೂ ಆ ಹಾಳೆಗಳಿಗೆ ಪಿನ್ ಹೊಡೆಸಿದರು. "ಇದು ಪರೀಕ್ಷೆಗೆ ಬರಲ್ಲ."

ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ಅದು ಗಂಡನಿಂದ ಹೆಂಡತಿಗೆ ಬರದ ಹಾಗೆ ಏನು ಮಾಡಬೇಕು?"

ಮರುದಿನ ಅವಳ ತಾಯಿಯನ್ನು ಕರೆಸಿದರು.

"ಅಷ್ಟು ಹುಡುಗರ ಮುಂದೆ ನಿಮ್ಮ ಮಗಳು ಏನು ಕೇಳಿದಳು ಗೊತ್ತೇನಮ್ಮ? ಟೀಸಿ ಕೊಟ್ಟು ಕಳಿಸ್ತೀನಿ!"

ತಾಯಿ ಮಗಳ ತಲೆಗೆ ಮೊಟಕಿದಳು. "ಒಂದು ಕೆಲಸ ಹೇಳಿದ್ರೆ ನೆಟ್ಟಗೆ ಮಾಡಲ್ವಲ್ಲೇ!"

ಮೇಷ್ಟ್ರಿಗೆ ಸಮಾಧಾನವಾಯಿತು. "ಹೋಗ್ಲಿ ಬಿಡಮ್ಮ, ವಯಸ್ಸು."

"ಏನು ಬಿಡೋದು ಸಾರ್? ಉತ್ತರ ಕೇಳ್ಕೊಂಡು ಬಾ ಅಂತ ಕಳಿಸಿದ್ರೆ, ಬರೀ ಬೈಸ್ಕೊಂಡು ಬಂದಿದಾಳೆ. ಇವರಪ್ಪ ನಾಳೆನೇ ಮುಂಬೈಯಿಂದ ಬರ್ತಾರೆ, ಬೇಗ ಹೇಳಿ!"