ಅಜ್ಜಿ ಹಾಕಿದ ಗಂಟು

ಗಂಡನ ತಿಥಿ ಮುಗಿದ ಮರುದಿನ ಬೆಳಿಗ್ಗೆ ಅವಳು ಪಕ್ಕದ ಮನೆಯ ಅಜ್ಜಿಗೆ ಅಡಕತ್ತರಿ ಹಿಂದಿರುಗಿಸಲು ಹೋದಳು. ತನ್ನ ಸ್ಕಿಜೋಫ್ರೇನಿಯಾದ ಹಳೆಯ ಮಾತ್ರೆಯನ್ನು ಅರ್ಧ ಮಾಡಲೆಂದು ಗಂಡ ಅದನ್ನು ತಂದಿದ್ದ. ಚಾಕುವಿಗೆ ಮಾತ್ರೆ ಪುಡಿಯಾಗುತ್ತಿತ್ತು.

"ಡಾಕ್ಟರು ಕೊಟ್ಟ ಹೊಸ ಮಾತ್ರೆನೇ ಅವರನ್ನ ಕೆರೆಗೆ ತಳ್ಳಿದ್ದು, ಅಜ್ಜಿ."

"ಹಳೇದು ಕಂಡ್ರೆ ಸಿಡಿಸಿಡಿ ಅಂತಿದ್ದ. ನಿಲ್ಸಿಬಿಟ್ಟಿದ್ನಾ?"

"ಇಲ್ಲ. ಒಂದೇ ಸಲ ಬಿಟ್ರೆ ಕಿವೀಲಿ ಮತ್ತೆ ದನಿಗಳು ಕೇಳ್ತವೆ, ಹೊಸದರ ಜೊತೆ ತಿಂಗಳು ಪೂರ್ತಿ ಹಳೇದನ್ನ ಅರ್ಧರ್ಧ ತಗೊಳ್ಳಿ ಅಂತ ಡಾಕ್ಟರು ಅಂದಿದ್ರು. ದಿನಾ ವಿಚಾರಿಸ್ತಿದ್ದೆ. 'ಕತ್ತರಿಸಿ ನುಂಗಿದೆ, ಪೊಲೀಸಮ್ಮಾ' ಅಂತ ನಗ್ತಿದ್ರು."

ಅಜ್ಜಿ ಬಟ್ಟೆ ಸುತ್ತಿದ ಅಡಕತ್ತರಿಯನ್ನು ತಿರುಗಿಸಿ ನೋಡಿದಳು. ಬಟ್ಟೆಗೆ ಬಿಗಿದ ಕೆಂಪು ದಾರದ ಮೇಲೆ ಅವಳ ಬೆರಳು ನಿಂತಿತು.

"ಇದು ಅವತ್ತು ನಾನೇ ಹಾಕಿಕೊಟ್ಟ ಗಂಟು, ಮಗಾ. ಅವನು ಬಿಚ್ಚೇ ಇಲ್ಲ."